ನಿಲ್ಲದ ಮೋಟರು

ಜೂನ್ ೧೪

ಮಾವನವರಿಗೆ ನಮಸ್ಕಾರ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು "ಊಟ ಆಯ್ತಾ" ಅನ್ನುತ್ತೇನೆ, ನೀವು "ಹ್ಞೂಂ" ಅನ್ನುತ್ತೀರಿ. ಅಷ್ಟರಲ್ಲಿ ನಿಮ್ಮ ಮಗಳು ಫೋನ್ ತೆಗೆದುಕೊಂಡು "ಅಪ್ಪಂಗೆ ಸುಸ್ತು ಅತ್ತಿಗೆ, ನಾಳೆ ಮಾತಾಡ್ತಾರೆ" ಅನ್ನುತ್ತಾಳೆ. ಆ ನಾಳೆ ಇನ್ನೂ ಬಂದಿಲ್ಲ. ಅದಕ್ಕೇ ಕಾಗದ.

ಪುಟ್ಟಿ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ. ತಾತನಿಗೆ ಹೇಳಬೇಡ, ನಗಾಡ್ತಾರೆ ಅಂದಿದ್ದಾಳೆ. ಹೇಳಿದ್ದೇನೆ, ನಗಾಡಿ.

ವಿಷಯ ಇದು. ನಾನು ಮಂಜುಗಡ್ಡೆ ಶೆಡ್ಡಿನ ಕೆಲಸ ಬಿಡುತ್ತಿದ್ದೇನೆ. ಇನ್ನೊಬ್ಬರು ಹಿಡಿದ ಮೀನನ್ನು ಇನ್ನೊಬ್ಬರ ಪೆಟ್ಟಿಗೆಗೆ ತುಂಬಿ ತುಂಬಿ ಬೆರಳು ಮರಗಟ್ಟಿವೆ. ಸಂಜೆ ಪುಟ್ಟಿಯ ಜಡೆ ಹೆಣೆಯಲು ಕೂತರೆ ಕೂದಲು ಕೈಗೆ ಸಿಕ್ಕಿದೆಯೋ ಇಲ್ಲವೋ ತಿಳಿಯುವುದಿಲ್ಲ. ಬಲೆಗಳು ನಮ್ಮವು, ದೋಣಿ ನಮ್ಮದು, ಹಿನ್ನೀರು ಯಾರದ್ದೂ ಅಲ್ಲ. ನಾನೇ ಬಲೆ ಬಿಡುತ್ತೇನೆ.

ದೋಣಿಯ ಬಿರುಕನ್ನು ಮೀಸೆ ಮಾಮ ಮುಚ್ಚಿಕೊಟ್ಟರು. ಆಚೆ ದಡದ ಜೊಂಡಿನಿಂದ ಅದನ್ನು ಎಳೆದು ತಂದವರೂ ಅವರೇ ಅಲ್ಲವೇ. ಮೋಟರು ಮಾತ್ರ ಇವರು ಹೋದ ಮಾರ್ಚಿನಿಂದ ನಿಮ್ಮ ಶೆಡ್ಡಿನ ಸ್ಟ್ಯಾಂಡಿನ ಮೇಲೆ ಗೋಣಿಚೀಲ ಹೊದ್ದು ಕೂತಿದೆ. ಯಾರೂ ಮುಟ್ಟಿಲ್ಲ. ಹಗ್ಗ ಎಳೆದು ನೋಡೋಣವೇ ಅಂದರೆ ಮೀಸೆ ಮಾಮ ಕೈ ಅಡ್ಡ ಹಿಡಿದರು. "ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿರುತ್ತೆ ಕಣಮ್ಮ. ಮೊದಲು ಎರಡೂ ಕಾರ್ಬುರೇಟರ್ ಬಿಚ್ಚಿ ತೊಳೀಬೇಕು. ಅದು ನಿನ್ನ ಮಾವನ ಕೆಲಸ. ನಾನು ಮುಟ್ಟಿದ್ರೆ ಅದು ಮೋಟರಾಗಿ ಉಳಿಯಲ್ಲ" ಅಂದರು.

ನೀವು ಬರುವುದಿಲ್ಲ ಅಂತ ಗೊತ್ತು. ಕರೆಯುತ್ತಲೂ ಇಲ್ಲ. ಹೇಗೆ ಮಾಡಬೇಕು ಅಂತ ಬರೆದು ಕಳಿಸಿ, ಸಾಕು.

ನಿಮ್ಮ ಸೊಸೆ


ಜೂನ್ ೨೩

ಸೊಸೆಗೆ,

ಆ ಮೋಟರು ಬೇಡ. ಮಾರಿಬಿಡು. ಬಂದಷ್ಟು ಬರಲಿ.

ಅಲ್ಲಿಯ ನೀರು ಒಬ್ಬರೇ ಹೋಗುವಂಥದ್ದಲ್ಲ. ಹುಟ್ಟಿದಾಗಿನಿಂದ ಅದರ ಮೇಲೆ ಬೆಳೆದವನನ್ನೇ ಅದು ಬಿಡಲಿಲ್ಲ. ನೀನು ಮದುವೆಯಾಗಿ ಬಂದಮೇಲೆ ಈಜು ಕಲಿತವಳು.

ನನ್ನ ಕೈಯಲ್ಲಿ ಈಗ ಸ್ಕ್ರೂಡ್ರೈವರ್ ನಿಲ್ಲುವುದಿಲ್ಲ. ಆ ಮೋಟರಿನ ಬಗ್ಗೆ ನನ್ನನ್ನು ಕೇಳಬೇಡ. ಇಲ್ಲಿ ನೀರು ಅಂದರೆ ನಲ್ಲಿಯಲ್ಲಿ ಬರುವುದು ಮಾತ್ರ. ನನಗೆ ಅಷ್ಟು ಸಾಕು.

ಪುಟ್ಟಿಗೆ ನಾನು ನಗಾಡಲಿಲ್ಲ ಅಂತ ಹೇಳು.

ನಿನ್ನ ಮಾವ


ಜುಲೈ ೨

ಮಾವನವರಿಗೆ ನಮಸ್ಕಾರ.

ಮಾರಲು ನೋಡಿದೆ. ಯಾರಿಗೂ ಬೇಡ. "ಆ ಮೋಟರಾ" ಅಂತ ಕೇಳಿ, ಆಮೇಲೆ ಹವಾಮಾನದ ವಿಷಯ ಮಾತಾಡುತ್ತಾರೆ.

ಜೆಟ್ಟಿಯಲ್ಲಿ ಜನ ಆಡಿಕೊಂಡದ್ದು ನಿಮ್ಮ ಕಿವಿಗೂ ಬಿದ್ದಿದೆ ಅಂತ ನನಗೆ ಗೊತ್ತು. ಅದೇ ವಾರ ನೀವು ಮೋಟರು ಟ್ಯೂನ್ ಮಾಡಿಕೊಟ್ಟಿರಿ, ನಡುನೀರಿನಲ್ಲಿ ಅದು ಕೈಕೊಟ್ಟಿತು, ಏನೋ ಸರಿಮಾಡಲು ಬಗ್ಗಿದಾಗ ಇವರು ಬಿದ್ದರು ಅಂತ. ಯಾರೂ ನೋಡಿಲ್ಲ, ಆದರೂ ಎಲ್ಲರೂ ಪಕ್ಕದಲ್ಲೇ ಇದ್ದವರ ಹಾಗೆ ಹೇಳುತ್ತಾರೆ. ನಿಮ್ಮೆದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನೀವೂ ಅವರಿಗೆ ಆ ತೊಂದರೆ ಕೊಡಲಿಲ್ಲ, ಪೆಟ್ಟಿಗೆ ಕಟ್ಟಿಕೊಂಡು ಮಗಳ ಮನೆಗೆ ಹೊರಟುಬಿಟ್ಟಿರಿ.

ಇರಲಿ. ನಾನು ಈ ತಿಂಗಳ ಮೂರನೇ ಭಾನುವಾರ ಆ ಮೋಟರು ಬಿಚ್ಚುತ್ತೇನೆ. ನೀವು ಹೇಳಿಕೊಟ್ಟರೆ ಸರಿಯಾಗಿ ಬಿಚ್ಚುತ್ತೇನೆ, ಇಲ್ಲದಿದ್ದರೆ ತಪ್ಪಾಗಿ. ನಿಮ್ಮ ಹತ್ತಿರ ನಯವಾದ ತುದಿಯ ಒಂದು ಸ್ಕ್ರೂಡ್ರೈವರ್ ಇದೆಯಲ್ಲ, ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲವಲ್ಲ, ಮೊದಲು ಅದನ್ನೇ ತೆಗೆದುಕೊಳ್ಳುವವಳಿದ್ದೇನೆ. ಡಬ್ಬದ ಮುಚ್ಚಳ ತೆರೆಯಲೂ ಅದೇ ಆದೀತು.

ಈಗಲಾದರೂ ಬೈದು ಬರೆಯಿರಿ.

ನಿಮ್ಮ ಸೊಸೆ


ಜುಲೈ ೧೧

ಸೊಸೆಗೆ,

ಆ ಸ್ಕ್ರೂಡ್ರೈವರನ್ನು ಡಬ್ಬಕ್ಕೆ ಹಾಕಿದರೆ ನೋಡು. ಅದರ ತುದಿಯನ್ನು ಆ ಸ್ಕ್ರೂಗಳಿಗೆ ಸರಿಹೊಂದುವಂತೆ ನಾನೇ ಉಜ್ಜಿಕೊಂಡಿದ್ದೇನೆ.

ಕೇಳು. ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಡು, ಒಲೆ, ಬೆಂಕಿಕಡ್ಡಿ ಯಾವುದೂ ಹತ್ತಿರ ಬೇಡ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸು. ಸಣ್ಣ ಸಾಮಾನು ಬಿದ್ದರೆ ಕಾಣಬೇಕು. ಕಾರ್ಬುರೇಟರ್ ಎರಡಿವೆ, ಮೇಲೊಂದು ಕೆಳಗೊಂದು. ಎರಡನ್ನೂ ಒಟ್ಟಿಗೆ ಬಿಚ್ಚಬೇಡ. ಒಂದನ್ನು ಬಿಚ್ಚಿ, ತೊಳೆದು, ಕೂಡಿಸಿ, ಆಮೇಲೆ ಇನ್ನೊಂದು. ಮರೆತುಹೋದರೆ ಬಿಚ್ಚದೆ ಇರುವುದನ್ನು ನೋಡಿಕೊಳ್ಳಬಹುದು.

ಅಡಿಯಲ್ಲಿ ಬಟ್ಟಲು ಇರುತ್ತದೆ, ಪೆಟ್ರೋಲು ಬಂದು ನಿಲ್ಲುವ ಜಾಗ. ತಳದಲ್ಲಿ ಕಂದು ಅಂಟು ಕಟ್ಟಿರುತ್ತದೆ. ಅದನ್ನು ಬಟ್ಟೆಯಿಂದ ಒರೆಸು, ಕೆರೆಯಬೇಡ. ಪೆಟ್ರೋಲು ಹಾಯುವ ಪುಟ್ಟ ಕೊಳವೆ ಇದೆ, ಜೆಟ್ ಅನ್ನುತ್ತಾರೆ, ಅದರ ತೂತಿಗೆ ತಂತಿ ಹಾಕಬೇಡ, ಊದು. ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು.

ಪಕ್ಕದಲ್ಲಿ ಪುಟ್ಟ ಹಿತ್ತಾಳೆ ಸ್ಕ್ರೂ ಇದೆ. ಮೆಲ್ಲಗೆ ಒಳಕ್ಕೆ ತಿರುಗಿಸು. ತಳ ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸು. ಬಲ ಹಾಕಿದರೆ ತುದಿ ಹಾಳು. ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ. ಎರಡಕ್ಕೂ ಹೀಗೇ. ಎರಡನ್ನೂ ಜೋಡಿಸುವ ಒಂದು ಕಡ್ಡಿ ಇದೆ. ಅದರ ಸ್ಕ್ರೂ ಸಡಿಲಿಸಿ, ಎರಡರ ಒಳಗಿನ ಬಿಲ್ಲೆಗಳೂ ಪೂರ್ತಿ ಮುಚ್ಚಿಕೊಂಡಿವೆಯೇ ನೋಡಿ, ಆಮೇಲೆ ಬಿಗಿ ಮಾಡು. ಇಬ್ಬರೂ ಒಟ್ಟಿಗೆ ಬಾಯಿ ತೆರೆಯಬೇಕು, ಒಟ್ಟಿಗೆ ಮುಚ್ಚಬೇಕು. ಒಬ್ಬ ಮುಂದೆ ಒಬ್ಬ ಹಿಂದೆ ಆದರೆ ಮೋಟರು ಕುಂಟುತ್ತದೆ.

ಮಿಕ್ಕದ್ದು ನೀರಿನಲ್ಲಿ. ನೀರು ತುಂಬಿದ ಡ್ರಮ್ಮಿನಲ್ಲಿ ಮಾಡುವವರು ಮಾಡಲಿ, ನಾನು ಎಂದೂ ಮಾಡಿಲ್ಲ. ದೋಣಿಗೆ ಕಟ್ಟಿ, ಬಿಸಿಯಾಗಲು ಬಿಟ್ಟು, ಗೇರು ಹಾಕಿ, ಸ್ಲೋದಲ್ಲಿ ಓಡಿಸು. ಆ ಹಿತ್ತಾಳೆ ಸ್ಕ್ರೂ ಒಳಕ್ಕೆ ಹೋದಂತೆ ಮೋಟರು ಸೀನುತ್ತದೆ, ಹೊರಕ್ಕೆ ಬಂದಂತೆ ಹೊಟ್ಟೆ ಭಾರವಾದವರ ಹಾಗೆ ತೂಕಡಿಸುತ್ತದೆ. ನಡುವೆ ಒಂದು ಕಡೆ ಉಸಿರು ಸಮ ಆಗುತ್ತದೆ. ಅಲ್ಲಿ ಬಿಡು.

ಇಲ್ಲಿ ಅಳಿಯನ ಸ್ಕೂಟರು, ಪಕ್ಕದ ಮನೆಯವರ ಮಿಕ್ಸಿ ರಿಪೇರಿ ಮಾಡಿದ್ದೇನೆ. ಈಗ ಕೇರಿಯವರೆಲ್ಲ ಕೆಟ್ಟದ್ದನ್ನೆಲ್ಲ ಹಿಡಿದುಕೊಂಡು ಬರುತ್ತಾರೆ. "ಅಂಗಡಿ ಇಡಬೇಡಪ್ಪ" ಅಂತ ನಿನ್ನ ನಾದಿನಿ ಬೈಯುತ್ತಾಳೆ.

ಬಟ್ಟಲಿನ ತಳದಲ್ಲಿ ಏನಿತ್ತು ಅಂತ ಬರೆ.

ನಿನ್ನ ಮಾವ


ಜುಲೈ ೨೪

ಮಾವನವರಿಗೆ ನಮಸ್ಕಾರ.

ನಾಲ್ಕು ಪುಟದ ಕಾಗದ. ನಾನು ಈ ಮನೆಗೆ ಬಂದಮೇಲೆ ನೀವು ನನ್ನ ಹತ್ತಿರ ಆಡಿದ ಮಾತನ್ನೆಲ್ಲ ಸೇರಿಸಿದರೂ ಅಷ್ಟಾಗಲಿಕ್ಕಿಲ್ಲ.

ಬಿಚ್ಚಿದೆ. ಬೈಗುಳಕ್ಕೆ ಕಾರಣ ಸಿಗದು ನಿಮಗೆ. ಪುಟ್ಟಿ ಬಿಳಿ ಬಟ್ಟೆಯ ಅಂಚಿನಲ್ಲಿ ಕೂತು ಬಿಡಿ ಭಾಗಗಳನ್ನೆಲ್ಲ ಕಾದಳು.

ನೀವು ಹೆದರಿಸಿದ ಹಾಗೆ ಅಂಟು ಇರಲೇ ಇಲ್ಲ. ಎರಡೂ ಬಟ್ಟಲು ತೊಳೆದಿಟ್ಟ ಹಾಗೆ ಚೊಕ್ಕಟ, ಒಣಗಿ ಖಾಲಿ. ಅರ್ಧ ಕೆಲಸ ತಪ್ಪಿತು. ಪೆಟ್ರೋಲ್ ಡಬ್ಬಿಯೂ ಖಾಲಿ, ಅಲ್ಲಾಡಿಸಿದರೆ ಸದ್ದೇ ಇಲ್ಲ. ಮುಚ್ಚಳವೇನೋ ಬಿಗಿಯಾಗಿಯೇ ಇತ್ತು. ಗೇರಿನ ಹಿಡಿ ಮುಂದಕ್ಕೆ ಬಿದ್ದಿತ್ತು. ನೀವೇ ಹಾಗೆ ಇಟ್ಟಿರಾ ಅಂತ ಮೀಸೆ ಮಾಮನನ್ನು ಕೇಳಿದೆ. "ನಾನು ಗೇರು ಮುಟ್ಟಿಲ್ಲಮ್ಮ, ಮೋಟರು ಎತ್ತಿ ಒರಗಿಸಿ ದೋಣಿ ಎಳ್ಕೊಂಡು ಬಂದೆ ಅಷ್ಟೇ" ಅಂದರು. ಪ್ರೊಪೆಲ್ಲರಿನ ಎಲೆಗಳ ತುದಿಯಲ್ಲಿ ಬಣ್ಣ ಹೋಗಿ ಬೆಳ್ಳಗೆ ಹೊಳೆಯುತ್ತಿದೆ, ಕೆಸರಿನಲ್ಲಿ ಉಜ್ಜಿದ ಹಾಗೆ. ಅದಕ್ಕೆ ಬಣ್ಣ ಹಚ್ಚಬೇಕೇ?

ನಿನ್ನೆ ನೀರಿಗಿಳಿಸಿದೆವು. ಐದಾರು ಸಲ ಎಳೆದಮೇಲೆ ಹತ್ತಿತು. ಸೀನಿತು, ತೂಕಡಿಸಿತು, ಆಮೇಲೆ ನೀವು ಹೇಳಿದ ಆ ನಡುವಿನ ಜಾಗ ಸಿಕ್ಕಿತು. ಜೆಟ್ಟಿಯ ಮೇಲೆ ಬಲೆ ಹೊಲಿಯುತ್ತಿದ್ದವರು ತಲೆ ಎತ್ತಿದರು. "ಮುದುಕ ಬಂದನಾ?" ಅಂತ ಒಬ್ಬರು ಕೇಳಿದರಂತೆ. ನಿಮ್ಮದೇ ಸದ್ದು.

ನಿಮ್ಮ ಸೊಸೆ


ಆಗಸ್ಟ್ ೧೯

ಮಾವನವರಿಗೆ ನಮಸ್ಕಾರ.

ನಿಮ್ಮ ಉತ್ತರ ಬರಲಿಲ್ಲ. ನಾದಿನಿ ಫೋನ್ ಮಾಡಿದ್ದಳು. ರಿಪೇರಿಗೆ ಬಂದವರನ್ನೆಲ್ಲ ವಾಪಸು ಕಳಿಸುತ್ತಿದ್ದೀರಂತೆ, ತಟ್ಟೆಯ ಮುಂದೆ ಕೂತು ಎದ್ದುಬಿಡುತ್ತೀರಂತೆ. "ಏನು ಬರೆದೆ ಅತ್ತಿಗೆ ನೀನು?" ಅಂತ ಕೇಳಿದಳು. ಏನು ಬರೆದೆ ಅಂತ ನಾನೂ ಯೋಚಿಸುತ್ತಾ ಕೂತೆ.

ಆಮೇಲೆ ಹೊಳೆಯಿತು. ಇವರು ಕೊನೆಯ ಸಲ ಹೊರಟ ಆ ಬೆಳಿಗ್ಗೆ ಡಬ್ಬಿಯ ಕತ್ತಿನವರೆಗೆ ಪೆಟ್ರೋಲು ತುಂಬಿ ದೋಣಿಯವರೆಗೆ ಹೊತ್ತವಳು ನಾನೇ. ಮೋಟರು ನಡುನೀರಿನಲ್ಲಿ ಕೆಟ್ಟು ನಿಂತಿದ್ದರೆ ಡಬ್ಬಿಯಲ್ಲಿ ಪೆಟ್ರೋಲು ಇರಬೇಕಿತ್ತು, ಬಟ್ಟಲಲ್ಲಿ ಅಂಟು ಇರಬೇಕಿತ್ತು. ಅದು ಕೊನೆಯ ಹನಿಯವರೆಗೂ ಓಡಿದೆ. ಜೊಂಡಿಗೆ ಹೋಗಿ ಸಿಕ್ಕಿಕೊಂಡಮೇಲೂ ಕೆಸರು ತೋಡುತ್ತಾ ಓಡಿದೆ.

ಅದು ಕೈಕೊಡಲಿಲ್ಲ ಮಾವ. ನೀವು ಕೂರಿಸಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಇದನ್ನು ಜೆಟ್ಟಿಯಲ್ಲಿ ಎಲ್ಲರೂ ಇದ್ದಾಗ ಗಟ್ಟಿಯಾಗಿ ಹೇಳಿದೆ. ಒಬ್ಬರು ಬೀಡಿ ಆರಿಸಿ ಎದ್ದು ಹೋದರು. ಇನ್ನಾದರೂ ಊಟ ಮಾಡಿ.

ನಿಮ್ಮ ಸೊಸೆ


ಆಗಸ್ಟ್ ೨೯

ಸೊಸೆಗೆ,

ಬಟ್ಟಲು ಚೊಕ್ಕಟವಾಗಿತ್ತು ಅಂತ ನೀನು ಬರೆದ ದಿನವೇ ನನಗೆ ತಿಳಿಯಿತು. ಹೇಳಲು ಬಾಯಿ ಬರಲಿಲ್ಲ. ಈಗ ನೀನು ಅರ್ಧ ದಾರಿ ಬಂದಿದ್ದೀಯ, ಮಿಕ್ಕರ್ಧ ಹೇಳುತ್ತೇನೆ.

ಒಬ್ಬನೇ ಬಲೆ ಎಳೆಯುವಾಗ ಮೋಟರನ್ನು ನಿಲ್ಲಿಸುವುದಿಲ್ಲ. ಗೇರಿನಲ್ಲೇ ಸ್ಲೋಗೆ ಬಿಟ್ಟು ಮುಂದಕ್ಕೆ ಬಂದು ಎಳೆಯುತ್ತೇವೆ. ದೋಣಿ ಬಲೆಯ ಉದ್ದಕ್ಕೂ ತಾನೇ ನಡೆದುಕೊಂಡು ಹೋಗುತ್ತದೆ, ಕೈಗೆ ಭಾರ ಬೀಳುವುದಿಲ್ಲ. ಬೇರೆ ಊರುಗಳಲ್ಲಿ ಹೀಗೆ ಮಾಡುವುದಿಲ್ಲ. ಅವರ ಮೋಟರುಗಳು ಅಷ್ಟು ಮೆಲ್ಲಗೆ, ಗೇರಿನಲ್ಲಿ, ಕೈ ಬಿಟ್ಟರೆ ನಿಂತುಹೋಗುತ್ತವೆ. ನಮ್ಮಲ್ಲಿ ನಿಲ್ಲುವುದಿಲ್ಲ, ಯಾಕೆಂದರೆ ಅವನ್ನೆಲ್ಲ ಟ್ಯೂನ್ ಮಾಡಿದವನು ನಾನು. ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದದ್ದೇ ಅದಕ್ಕೆ. ಮಗನಿಗೆ ಹಾಗೆ ಬಲೆ ಎಳೆಯಲು ಕಲಿಸಿದವನೂ ನಾನೇ.

ಅವನು ಬಿದ್ದಾಗ ದೋಣಿ ನಿಲ್ಲಲಿಲ್ಲ. ಅಷ್ಟೇ ನಡೆದದ್ದು. ಮನುಷ್ಯ ನಡೆಯುವ ವೇಗದಲ್ಲಿ ಹೋಗಿರುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಅವನಿಗೆ ಈಜು ಬರುತ್ತಿತ್ತು. ಆದರೆ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಯಾರೂ ಆ ವೇಗದಲ್ಲಿ ಈಜಲಾರರು. ಅವನು ಸಿಕ್ಕಿದ ಜಾಗ ಬಲೆಯ ಹತ್ತಿರ ಅಲ್ಲ, ಜೊಂಡಿನ ದಾರಿಯಲ್ಲಿ. ದೋಣಿಯ ಹಿಂದೆಯೇ ಈಜಿಕೊಂಡು ಹೋಗಿದ್ದಾನೆ.

ಅದು ಕೆಟ್ಟು ನಿಂತಿದ್ದರೆ ಚೆನ್ನಾಗಿತ್ತು. ಜನ ಹೇಳಿದ್ದೇ ನಿಜವಾಗಿದ್ದರೆ ಚೆನ್ನಾಗಿತ್ತು.

ನಿನ್ನ ಮಾವ


ಸೆಪ್ಟೆಂಬರ್ ೧೮

ಮಾವನವರಿಗೆ,

ನಿಮ್ಮ ಕಾಗದವನ್ನು ಓದಿ ಹರಿದುಹಾಕಿದೆ. ಆಮೇಲೆ ಪುಟ್ಟಿಯ ಕೈಗೆ ಸಿಗಬಾರದು ಅಂತ ಚೂರುಗಳನ್ನು ಆರಿಸಿಕೊಂಡೆ, ಆರಿಸುತ್ತಾ ಮತ್ತೆ ಓದಿದೆ.

ನಿಮ್ಮ ಮೇಲೆ ಸಿಟ್ಟು ಬಂತು. ಯಾಕೆ ಅಂತ ಗೊತ್ತಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆ ಕಾಗದ ಬರುವವರೆಗೆ ಅವರು ಒಂದು ಸಲ ಸತ್ತಿದ್ದರು, ಅದು ಮುಗಿದಿತ್ತು. ಈಗ ಕಣ್ಣು ಮುಚ್ಚಿದರೆ ಈಜುತ್ತಿರುತ್ತಾರೆ. ಪಾತ್ರೆ ತೊಳೆಯುವಾಗಲೂ, ಪುಟ್ಟಿಗೆ ಪಾಠ ಹೇಳಿಕೊಡುವಾಗಲೂ. ಏನಾದರೂ ಕೂಗಿದ್ದರೇ? ಮೋಟರಿನ ಸದ್ದಿನಲ್ಲಿ ಯಾರಿಗೆ ಕೇಳಿಸುತ್ತದೆ, ಯಾರಿದ್ದರು ಕೇಳಲು?

ಹದಿನೈದು ದಿನ ಶೆಡ್ಡಿನ ಬೀಗ ತೆಗೆಯಲಿಲ್ಲ. ಆಮೇಲೆ ಬೇರೆ ದಾರಿ ಕಾಣದೆ ನೀರಿಗೆ ಹೋದೆ. ಮೀಸೆ ಮಾಮ ತಮ್ಮ ದೋಣಿಯಲ್ಲಿ ಕೂಗಿದರೆ ಕೇಳುವಷ್ಟು ದೂರದಲ್ಲಿ ಇರುತ್ತಾರೆ. "ನನಗೂ ಈ ಕಡೆ ಕೆಲಸ ಇದೆ" ಅನ್ನುತ್ತಾರೆ. ಏನೂ ಇರುವುದಿಲ್ಲ.

ನೀವು ಬರೆದ ಹಾಗೆಯೇ ಸ್ಲೋಗೆ ಬಿಟ್ಟು ಬಲೆ ಎಳೆದೆ. ನೋಡಬೇಕಿತ್ತು ನನಗೆ. ದೋಣಿ ಎಷ್ಟು ಸಲೀಸಾಗಿ ನಡೆಯಿತು ಅಂದರೆ, ಅವರು ಇದನ್ನು ಯಾಕೆ ಇಷ್ಟಪಡುತ್ತಿದ್ದರು ಅಂತ ಗೊತ್ತಾಯಿತು. ನೀರು ಪಕ್ಕದಲ್ಲಿ ಮೆತ್ತಗೆ ಸರಿಯುತ್ತದೆ, ಬಲೆ ತಾನಾಗಿ ಕೈಗೆ ಬರುತ್ತದೆ, ಹಿಂದೆ ಯಾರೋ ಕೂತು ದೋಣಿ ನಡೆಸುತ್ತಿದ್ದಾರೆ ಅನ್ನಿಸುತ್ತದೆ. ಅಷ್ಟರಲ್ಲಿ ಲೋಳೆಯ ಮೇಲೆ ಕಾಲು ಜಾರಿತು. ಬೀಳಲಿಲ್ಲ, ಅಂಚು ಹಿಡಿದುಕೊಂಡು ಕೂತುಬಿಟ್ಟೆ. ಮೋಟರಿನ ಕಡೆ ತಿರುಗಿ ನೋಡಿದೆ. ಏನೂ ಆಗದ ಹಾಗೆ ಗುನುಗುತ್ತಾ ಹೋಗುತ್ತಲೇ ಇತ್ತು.

ಪುಟ್ಟಿಗೆ ಈಗ ನಾನೊಬ್ಬಳೇ.

ಹೊಸ ಮೋಟರುಗಳಿಗೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ ದಾರ ಇರುತ್ತದಂತೆ, ಮನುಷ್ಯ ಬಿದ್ದರೆ ದಾರ ಕಿತ್ತು ಮೋಟರು ಆರುತ್ತದಂತೆ. ನಮ್ಮ ಹಳೆಯದಕ್ಕೂ ಹಾಕಿಸಬಹುದು ಅಂತ ಅಂಗಡಿಯವರು ಹೇಳಿದರು, ಹಾಕಿಸುತ್ತೇನೆ. ಆದರೆ ಬಲೆ ಎಳೆಯುವಾಗ ಅದು ಅಡ್ಡ ಬರುತ್ತೆ ಅಂತ ಎಲ್ಲರೂ ಬಿಚ್ಚಿಡುತ್ತಾರೆ. ನನ್ನನ್ನೂ ನಾನು ನಂಬುವುದಿಲ್ಲ.

ನಿಮ್ಮನ್ನು ಕೇಳುವುದು ಒಂದೇ. ಕೈ ಬಿಟ್ಟರೆ ನಿಂತುಹೋಗುವ ಹಾಗೆ ಇದನ್ನು ಟ್ಯೂನ್ ಮಾಡುವುದು ಹೇಗೆ?

ನಿಮ್ಮ ಸೊಸೆ


ಅಕ್ಟೋಬರ್ ೩

ಸೊಸೆಗೆ,

ಸಿಟ್ಟು ಇರಲಿ. ಅದನ್ನು ಬಿಡು ಅಂತ ನಾನು ಹೇಳಲಾರೆ.

ನೀನು ಕೇಳಿದ್ದನ್ನು ಇದುವರೆಗೆ ಯಾರೂ ಕೇಳಿಲ್ಲ. ನಿಲ್ಲುವ ಮೋಟರು ತಂದು ನಿಲ್ಲದ ಹಾಗೆ ಮಾಡಿಕೊಡು ಅಂತಲೇ ಎಲ್ಲರೂ ಕೇಳಿದ್ದು. ತಲೆಕೆಳಗಾಗಿ ಯೋಚಿಸಬೇಕಾಯಿತು. ಅಳಿಯನ ಸ್ಕೂಟರಿನ ಮೇಲೆ ಮಾಡಿ ನೋಡಿದೆ. ಅವನು ಆಫೀಸಿನ ದಾರಿಯಲ್ಲಿ ಪ್ರತಿ ಸಿಗ್ನಲ್ಲಿನಲ್ಲೂ ಆರಿಹೋಯಿತು ಅಂತ ಮುಖ ಊದಿಸಿಕೊಂಡು ಬಂದ.

ವೇಗ ಕೊಡುವ ಹಿಡಿಯ ಅಡಿಯಲ್ಲಿ ಒಂದು ಬಿಗಿ ಸ್ಕ್ರೂ ಇದೆ, ಕೈ ತೆಗೆದರೂ ವೇಗ ಇದ್ದಲ್ಲೇ ಇರಲಿ ಅಂತ. ಬಿಚ್ಚಿ ಎಸೆದುಬಿಡು. ಆಗ ಕೈ ಬಿಟ್ಟ ಕೂಡಲೇ ಸ್ಪ್ರಿಂಗು ಎಳೆದುಕೊಂಡು ಎರಡು ಬಿಲ್ಲೆಗಳನ್ನೂ ಮುಚ್ಚುತ್ತದೆ.

ಆಮೇಲೆ ಸ್ಲೋ ಸ್ಕ್ರೂ. ಬಿಲ್ಲೆಗಳು ಪೂರ್ತಿ ಮುಚ್ಚದಂತೆ ತಡೆಯುವುದು ಅದೇ. ನೀರಿನಲ್ಲಿ, ಗೇರು ಹಾಕಿ, ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸು. ಉಸಿರು ಕುಗ್ಗುತ್ತಾ ಬರುತ್ತದೆ. ನಿಲ್ಲುವ ಮುಂಚೆ ಮೈ ನಡುಗಿಸುತ್ತದೆ. ಅಲ್ಲಿ ನನ್ನ ಕೈ ಯಾವಾಗಲೂ ಹಿಂದಕ್ಕೆ ಬರುತ್ತಿತ್ತು. ನೀನು ಹಿಂದಕ್ಕೆ ಬರಬೇಡ, ಇನ್ನೂ ತಿರುಗಿಸು. ನಿಲ್ಲಲಿ. ಹಿತ್ತಾಳೆ ಸ್ಕ್ರೂಗಳನ್ನು ಮುಟ್ಟಬೇಡ. ಅವು ಸರಿಯಿದ್ದರೇ ಮತ್ತೆ ಹತ್ತುವುದು.

ಪ್ರತಿ ಸಲವೂ ಹಗ್ಗ ಎಳೆಯಬೇಕಾಗುತ್ತದೆ. ಭುಜ ನೋಯುತ್ತದೆ. ಜೆಟ್ಟಿಯಲ್ಲಿ ನಗುತ್ತಾರೆ.

ಬೂಟು ಹಾಕಿಕೊಳ್ಳಬೇಡ.

ನಿನ್ನ ಮಾವ


ಅಕ್ಟೋಬರ್ ೧೭

ಮಾವನವರಿಗೆ ನಮಸ್ಕಾರ.

ಮಾಡಿದೆ. ನಕ್ಕರು. "ಏನಮ್ಮ, ನಿಮ್ಮ ಮಾವನ ಮೋಟರಿಗೆ ದಮ್ಮು ಹಿಡೀತಾ?" ಅಂತ ಒಬ್ಬರು. "ಸೊಸೆ ಕೈಗೆ ಬಿದ್ದ ಮೇಲೆ ಯಾವ ಮಾವನ ಮೋಟರೂ ಹೀಗೇ" ಅಂತ ಇನ್ನೊಬ್ಬರು. ಮೀಸೆ ಮಾಮ ಯಾಕೆ ಅಂತ ಬಿಡಿಸಿ ಹೇಳಿದರು. ಆಮೇಲೆ ನಗು ನಿಂತಿತು.

ಮೋಟರು ನಿಲ್ಲುತ್ತದೆ ಅಂತ ಬರೀ ಮಾತಿನಲ್ಲಿ ಹೇಳಿದರೆ ಸಾಲದು ಅನ್ನಿಸಿತು. ಬುಧವಾರ ಬೆಳಿಗ್ಗೆ, ನೀರು ಅಲುಗಾಡದಿದ್ದಾಗ, ಮೀಸೆ ಮಾಮನನ್ನು ಅವರ ದೋಣಿಯಲ್ಲಿ ಪಕ್ಕದಲ್ಲೇ ಇರಲು ಹೇಳಿ ಬಲೆಯ ಹತ್ತಿರ ಹೋದೆ. ಅವರಿಗೆ ಏನು ಮಾಡುತ್ತೇನೆಂದು ಹೇಳಿರಲಿಲ್ಲ. ಹೇಳಿದ್ದರೆ ಬಿಡುತ್ತಿರಲಿಲ್ಲ. ಗೇರು ಹಾಕಿ, ಹಿಡಿ ಬಿಟ್ಟು, ಅಂಚಿನಿಂದ ನೀರಿಗಿಳಿದೆ.

ತಲೆ ಮೇಲೆ ಬಂದಾಗ ದೋಣಿ ಹೋಗುತ್ತಿತ್ತು. ಅದರ ಹಿಂಭಾಗ ನನ್ನಿಂದ ದೂರವಾಗುವುದನ್ನು ನೀರಿನ ಮಟ್ಟದಿಂದ ನೋಡಿದೆ. ಅವರು ನೋಡಿದ್ದನ್ನು ನೋಡಿದೆ ಮಾವ. ಮೀಸೆ ಮಾಮ ಕಿರುಚುತ್ತಿದ್ದರು. ಮೋಟರು ಮೈ ನಡುಗಿಸಿತು. ಸತ್ತಿತು. ಆಮೇಲೆ ದೋಣಿ ಸ್ವಲ್ಪ ಜಾರಿ, ಅಡ್ಡ ತಿರುಗಿ, ನಿಂತುಕೊಂಡಿತು.

ಈಜಿ ಹೋಗಿ ಅಂಚು ಹಿಡಿದೆ. ಮೂರು ದೋಣಿಯುದ್ದ ಇದ್ದಿರಬಹುದು, ಅಷ್ಟೇ. ಅಷ್ಟು ಸಾಕಿತ್ತು ಅವರಿಗೆ. ಹತ್ತಲು ಕೈ ಬರಲಿಲ್ಲ, ಹಾಗೇ ನೇತಾಡಿಕೊಂಡು ಅಳುತ್ತಿದ್ದೆ. ಮೀಸೆ ಮಾಮ ಬಂದು ಮೇಲೆತ್ತಿ, ಪುಟ್ಟಿಗೆ ಬೈಯುವ ಹಾಗೆ ಬೈದರು. ಬೈದು ಬೈದು ಅವರೂ ಅತ್ತರು.

ನಿಮ್ಮ ಮೇಲೆ ಸಿಟ್ಟು ಹೋಗಿದೆಯೇ ಅಂತ ನೋಡಿಕೊಂಡೆ. ಪೂರ್ತಿ ಹೋಗಿಲ್ಲ. ಹೇಳಬೇಕು ಅನ್ನಿಸಿತು.

ನಿಮ್ಮ ಸೊಸೆ


ಅಕ್ಟೋಬರ್ ೨೪

ಸೊಸೆಗೆ,

ನಿನ್ನ ಕಾಗದವನ್ನು ನಿನ್ನ ನಾದಿನಿ ಗಟ್ಟಿಯಾಗಿ ಓದುತ್ತಿದ್ದಳು. ನೀರಿಗಿಳಿದೆ ಅನ್ನುವಲ್ಲಿ ಓದುವುದು ನಿಲ್ಲಿಸಿಬಿಟ್ಟಳು. ಮಿಕ್ಕದ್ದನ್ನು ನಾನೇ ಓದಿಕೊಂಡೆ.

ಮೂರು ದೋಣಿಯುದ್ದ ಜಾಸ್ತಿ. ಅವತ್ತು ನೀರು ಅಲುಗಾಡುತ್ತಿರಲಿಲ್ಲ, ನೀನು ಬೇಕೆಂದೇ ಇಳಿದೆ, ಪಕ್ಕದಲ್ಲಿ ಮೀಸೆ ಇದ್ದ. ಗಾಳಿ ಇರುವ ದಿನ, ಬಲೆ ಕಾಲಿಗೆ ಸುತ್ತಿಕೊಂಡ ದಿನ, ಮೂರು ದೋಣಿಯುದ್ದ ಬಹಳ ದೂರ. ಒಂದಕ್ಕೆ ನಿಲ್ಲಬೇಕು. ಕೆಳಗಿನ ಕಾರ್ಬುರೇಟರಿನ ಬಿಲ್ಲೆ ಕೂದಲೆಳೆಯಷ್ಟು ತಡವಾಗಿ ಮುಚ್ಚುತ್ತಿರಬೇಕು ಅನ್ನಿಸುತ್ತದೆ. ಅದು ಬರೆದು ತಿಳಿಸುವ ಕೆಲಸವಲ್ಲ, ಕಿವಿ ಹತ್ತಿರ ಇರಬೇಕು. ಕೈ ನಡುಗಿದರೆ ಸ್ಕ್ರೂಡ್ರೈವರ್ ನೀನು ಹಿಡಿ, ಎಲ್ಲಿ ನಿಲ್ಲಿಸಬೇಕು ಅಂತ ನಾನು ಹೇಳುತ್ತೇನೆ.

ಅದಾದ ಮೇಲೆ ಜೆಟ್ಟಿಯಲ್ಲಿರುವ ಮಿಕ್ಕ ಮೋಟರುಗಳು. ಅವೂ ನನ್ನವೇ. ಮಾಡಿಸಿಕೊಳ್ಳುತ್ತಾರೋ ಇಲ್ಲವೋ, ಕೇಳಿ ನೋಡುತ್ತೇನೆ.

ಶುಕ್ರವಾರದ ಬಸ್ಸಿಗೆ ಹೊರಡುತ್ತೇನೆ. ನಾನು ಬರುವವರೆಗೆ ದೋಣಿ ಹತ್ತಬೇಡ.

ಮಾವ